ಗಲ್ಲಾದ ಬಳಿಯ ಕಾಣಿಕೆ



ಬೌದ್ಧಿಕ ಅಂಗವೈಕಲ್ಯವುಳ್ಳ ಮಕ್ಕಳ ಆಟೋಟಗಳ ಖರ್ಚಿಗಾಗಿ ನಮ್ಮ ಪೇಟೆಬೀದಿಯ ದಿನಸಿ ಅಂಗಡಿಗಳಲ್ಲಿ ಕಾಣಿಕೆಯ ಡಬ್ಬಿಗಳನ್ನು ಇಡಬೇಕೆಂಬ ಸಲಹೆ ಶತಮಾನೋತ್ಸವ ಸಮಿತಿಯಿಂದ ಬಂದಿದೆ. ಸಲಹೆ ಒಳ್ಳೆಯದು. ಆದರೆ ಡಬ್ಬಿಗಳಿಗೆ ಬೀಗ ಹಾಕುವುದಕ್ಕೆ ಮೊದಲು, ಈ ಪದ್ಧತಿಯು ಬೇರೂರಿ ಬೆಳೆದಿರುವ ಅಮೆರಿಕ ದೇಶದಲ್ಲಿ ಅದು ಹೇಗೆ ನಡೆಯುತ್ತದೆ, ಅದರ ಹಿಂದೆ ಯಾವ ನೋವು ಅಡಗಿದೆ ಎಂಬುದನ್ನು ತಮ್ಮ ಮುಂದಿಡಲು ಬಯಸುತ್ತೇವೆ.

ಅಲ್ಲಿಯ ಫ್ಲಾರಿಡಾ ರಾಜ್ಯದಲ್ಲಿ ಪಬ್ಲಿಕ್ಸ್ ಎಂಬ ದಿನಸಿ ಅಂಗಡಿಗಳ ದೊಡ್ಡ ಬಳಗವೊಂದಿದೆ. 1930ರಲ್ಲಿ ಜಾರ್ಜ್ ಜೆಂಕಿನ್ಸ್ ಎಂಬವರು ವಿಂಟರ್ ಹೇವನ್ ಎಂಬ ಊರಿನಲ್ಲಿ ತೆರೆದ ಒಂದು ಅಂಗಡಿಯೇ ಇದರ ಮೂಲ. ಸ್ಪೆಷಲ್ ಒಲಿಂಪಿಕ್ಸ್ ಎಂಬ ಕ್ರೀಡಾಸಂಸ್ಥೆಗಾಗಿ ಈ ಅಂಗಡಿಗಳಲ್ಲಿ ನಿಧಿ ಸಂಗ್ರಹ ನಡೆಯುವುದುಂಟು. ಹಾಲು, ರೊಟ್ಟಿ, ತರಕಾರಿಗಳನ್ನು ಕೊಂಡು ಹಣ ಕೊಡಲು ನಿಂತವರನ್ನು ಗಲ್ಲಾದಲ್ಲಿರುವವರು, "ಕ್ರೀಡಾಪಟುಗಳಿಗಾಗಿ ಒಂದೆರಡು ಡಾಲರು ಸೇರಿಸೋಣವೇ?" ಎಂದು ವಿಚಾರಿಸುತ್ತಾರೆ. ಈ ಸಂಗ್ರಹದ ಗುರುತಾಗಿ ಕಾಗದದ ಪಂಜೊಂದನ್ನು ಬಳಸುತ್ತಾರೆ.

ಪಂಜು ಏಕೆಂದರೆ, 1981ರಲ್ಲಿ ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರದ ಪೊಲೀಸ್ ಮುಖ್ಯಸ್ಥರಾದ ರಿಚರ್ಡ್ ಲಾಮುನ್ಯನ್‌ರವರು ಈ ಕ್ರೀಡಾಪಟುಗಳಿಗಾಗಿ ಪಂಜಿನ ಓಟವನ್ನು ಆರಂಭಿಸಿದರು. ಅಂದಿನಿಂದ ಪೊಲೀಸರು ಈ ಕಾರ್ಯದ ದೊಡ್ಡ ಆಸರೆಯಾಗಿದ್ದಾರೆ. ಓಡುವುದಷ್ಟೇ ಅಲ್ಲ, ಸಮವಸ್ತ್ರದಲ್ಲಿಯೇ ದಿನಸಿ ಅಂಗಡಿಗೆ ಬಂದು, ಗಿರಾಕಿಗಳ ಸಾಮಾನನ್ನು ಚೀಲಕ್ಕೆ ತುಂಬಿಕೊಟ್ಟು ಕಾಣಿಕೆ ಎತ್ತುವುದೂ ಉಂಟು. ಪೊಲೀಸರ ಕೈಯಲ್ಲಿ ಲಾಠಿಯ ಬದಲು ಈರುಳ್ಳಿಯ ಚೀಲ! ನಮ್ಮ ಊರಿನಲ್ಲಿ ಇಂಥ ನೋಟ ಕಾಣಲು ಇನ್ನೊಂದು ಶತಮಾನೋತ್ಸವ ಬೇಕಾಗಬಹುದೇನೋ.

ಇದರ ಬಗ್ಗೆ ಆಕ್ಷೇಪಗಳೂ ಇವೆ. ಜನರು ಕೊಟ್ಟ ಹಣವನ್ನು ತೋರಿಸಿ ಅಂಗಡಿಯವರು ತಮ್ಮ ತೆರಿಗೆ ಉಳಿಸಿಕೊಳ್ಳುತ್ತಾರೆಂದು ಹೇಳುವವರಿದ್ದಾರೆ. ಅಮೆರಿಕದ ಕಾನೂನಿನಂತೆ ಅದು ಸರಿಯಲ್ಲ. ಗಿರಾಕಿ ಕೊಟ್ಟ ಕಾಣಿಕೆ ಗಿರಾಕಿಯದೇ. ಅಂಗಡಿಯವನು ಅದನ್ನು ಮುಟ್ಟಿಸುವವನು ಮಾತ್ರ. ಎರಡನೆಯ ಆಕ್ಷೇಪವನ್ನು ನಾವು ಅಷ್ಟು ಸುಲಭವಾಗಿ ತಳ್ಳಿಹಾಕಲಾರೆವು. ಹಿಂದೆ ಸಾಲು ನಿಂತಿರುವಾಗ ಎಲ್ಲರೆದುರು ಕೇಳಿದರೆ ಬಡವನು ನಾಚಿಕೆಗೆ ಬಿದ್ದು ಕೊಡುತ್ತಾನೆ. ಅದು ಕಾಣಿಕೆಯಾಗದು, ದಂಡವಾಗುತ್ತದೆ. ಆದ್ದರಿಂದ ನಮ್ಮ ಅಂಗಡಿಗಳಲ್ಲಿ ಡಬ್ಬಿ ಇರಲಿ, ಬಾಯಿಬಿಟ್ಟು ಕೇಳುವುದು ಬೇಡ. ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದಿಡುವ ರೂಢಿಯನ್ನು ಬಲ್ಲ ತಾಯಂದಿರಿಗೆ ಕೊಡುವ ಬಗೆಯನ್ನು ಯಾರೂ ಕಲಿಸಬೇಕಾಗಿಲ್ಲ.

ಹೀಗೆ ಕೂಡಿದ ಹಣ ಎಲ್ಲಿಗೆ ಹೋಗುತ್ತದೆ? ಈ ಕ್ರೀಡೆಗಳಲ್ಲಿ ಭಾಗವಹಿಸಲು ಆಟಗಾರರಾಗಲಿ ಅವರ ಮನೆಯವರಾಗಲಿ ಶುಲ್ಕ ಕೊಡಬೇಕಾಗಿಲ್ಲ. ಎಂಟು ವರ್ಷ ತುಂಬಿದವರು ಸ್ಪರ್ಧೆಗೆ ಇಳಿಯಬಹುದು, ಮೇಲಿನ ವಯೋಮಿತಿಯಿಲ್ಲ. ವಯಸ್ಸನ್ನೂ ಸಾಮರ್ಥ್ಯವನ್ನೂ ಮೊದಲು ಅಳೆದು, ಸರಿಸಮಾನರಾದವರನ್ನು ಒಂದೊಂದು ಗುಂಪಿಗೆ ಸೇರಿಸುತ್ತಾರೆ. ಆದುದರಿಂದ ನಿಧಾನವಾಗಿ ಓಡುವವನಿಗೂ ಗೆಲ್ಲುವ ನಿಜವಾದ ಅವಕಾಶವಿರುತ್ತದೆ. 1997ರಿಂದ ಕ್ರೀಡಾಕೂಟಗಳಲ್ಲಿ ಕಣ್ಣು, ಕಿವಿ, ಹಲ್ಲು, ಪಾದಗಳ ಉಚಿತ ತಪಾಸಣೆಯೂ ನಡೆಯುತ್ತಿದೆ. ತನಗೆ ಹಲ್ಲು ನೋಯುತ್ತಿದೆಯೆಂದು ಬಾಯಿಬಿಟ್ಟು ಹೇಳಲಾರದ ಮಗುವನ್ನು ಹಠಮಾರಿಯೆಂದು ಗದರಿಸುವ ಮನೆಗಳಿಗೆ ಇದರ ಬೆಲೆ ತಿಳಿದೀತು.

ಇಷ್ಟೆಲ್ಲ ಹುಟ್ಟಿದ್ದು ಒಂದು ಕಥೋಲಿಕ ಮನೆಯ ದುಃಖದಿಂದ. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನೆಡಿಯವರಿಗೆ ರೋಸ್‌ಮೆರಿ ಎಂಬ ತಂಗಿಯಿದ್ದಳು. 1918ರಲ್ಲಿ ಹುಟ್ಟಿದ ಆಕೆ ಕಲಿಕೆಯಲ್ಲಿ ಹಿಂದುಳಿದಳು. ಆದರೂ ಒಡಹುಟ್ಟಿದವರೊಡನೆ ಈಜುತ್ತಿದ್ದಳು, ದೋಣಿಯಾಟಕ್ಕೆ ಹೋಗುತ್ತಿದ್ದಳು. 1941ರಲ್ಲಿ ತಂದೆಯ ಒಪ್ಪಿಗೆಯ ಮೇರೆಗೆ ಆಕೆಯ ಮಿದುಳಿಗೆ ಲೊಬಾಟಮಿ ಎಂಬ ಶಸ್ತ್ರಕ್ರಿಯೆ ಮಾಡಲಾಯಿತು. ಅನಂತರ ಆಕೆಗೆ ಸರಿಯಾಗಿ ನಡೆಯಲೂ ಮಾತನಾಡಲೂ ಆಗದಾಯಿತು. ವಿಸ್ಕಾನ್ಸಿನ್ ರಾಜ್ಯದಲ್ಲಿ ಫ್ರಾನ್ಸಿಸ್ಕನ್ ಕನ್ಯಾಸ್ತ್ರೀಯರು ನಡೆಸುತ್ತಿದ್ದ ಸೇಂಟ್ ಕೊಲೆಟಾ ಸಂಸ್ಥೆಯಲ್ಲಿ ಹಲವು ದಶಕಗಳನ್ನು ಕಳೆದು 2005ರಲ್ಲಿ ತೀರಿಕೊಂಡಳು. ಆಕೆಯ ನಿಜಸ್ಥಿತಿಯನ್ನು ಮನೆಯವರು ವರ್ಷಗಟ್ಟಲೆ ಲೋಕಕ್ಕೆ ತಿಳಿಸಲಿಲ್ಲ. ಅಷ್ಟು ಸಿರಿವಂತರ, ಅಷ್ಟು ವಿದ್ಯಾವಂತರ ಮನೆಯಲ್ಲಿಯೂ ಹೀಗೆ ನಡೆಯಿತೆಂಬುದನ್ನು ತಾವು ಗಮನಿಸಬೇಕು. ಆ ಮನೆಗೆ ಹಣದ ಕೊರತೆಯಿರಲಿಲ್ಲ.

ಮೌನ ಮುರಿದವರು ರೋಸ್‌ಮೆರಿಯ ತಂಗಿ ಯೂನಿಸ್ ಕೆನೆಡಿ ಶ್ರೈವರ್. 1962ರಲ್ಲಿ ಅಕ್ಕನ ವಿಷಯವನ್ನು ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ಅದೇ ವರ್ಷದ ಬೇಸಿಗೆಯಲ್ಲಿ ಮೇರಿಲ್ಯಾಂಡಿನ ತಮ್ಮ ಮನೆಯಂಗಳದಲ್ಲಿಯೇ ಇಂಥ ಮಕ್ಕಳಿಗೆ ಆಟದ ಶಿಬಿರ ನಡೆಸಿದರು. 1968ರ ಜುಲೈ 20ರಂದು ಷಿಕಾಗೋ ನಗರದ ಸೋಲ್ಜರ್ ಫೀಲ್ಡ್ ಮೈದಾನದಲ್ಲಿ ಮೊದಲನೆಯ ಸ್ಪೆಷಲ್ ಒಲಿಂಪಿಕ್ಸ್ ನಡೆಯಿತು. ಅಮೆರಿಕದ 26 ರಾಜ್ಯಗಳಿಂದಲೂ ಕೆನಡಾದಿಂದಲೂ ಸುಮಾರು ಒಂದು ಸಾವಿರ ಕ್ರೀಡಾಪಟುಗಳು ಬಂದರು. ಓಡಿದರು, ಈಜಿದರು, ಪದಕ ಗೆದ್ದರು. ಆದರೆ ಆ ಮಹಾ ಮೈದಾನದ ಆಸನಗಳು ಬಹುಮಟ್ಟಿಗೆ ಬರಿದಾಗಿದ್ದವು.

ನೋಡುವವರಿಲ್ಲದ ಆ ಆಸನಗಳನ್ನು ಕುರಿತೇ ನಾವು ಇಂದು ಮಾತನಾಡಬೇಕೆಂದಿದ್ದೆವು. ಡಬ್ಬಿಗೆ ನಾಣ್ಯ ಹಾಕುವುದರಲ್ಲಿ ಒಂದು ಅಪಾಯವಿದೆ. ನಾಣ್ಯ ಹಾಕಿದವನು ತನ್ನ ಪಾಲಿನ ಕೆಲಸ ಮುಗಿಯಿತೆಂದು ಹೊರಟುಬಿಡಬಹುದು. ಅಮೆರಿಕದ ಅನೇಕ ದಿನಸಿ ಅಂಗಡಿಗಳಲ್ಲಿ ಬೌದ್ಧಿಕ ಅಂಗವೈಕಲ್ಯವುಳ್ಳವರೇ ಸಾಮಾನು ತುಂಬಿಕೊಡುವ ಕೆಲಸದಲ್ಲಿದ್ದಾರೆ. ಯಾರ ಹೆಸರಿನಲ್ಲಿ ಡಾಲರು ಕೇಳಿದರೋ ಅಂಥವರೇ ಎದುರಿಗೆ ನಿಂತು, ಸಂಬಳ ಪಡೆದು, ಗಿರಾಕಿಗೆ ನಮಸ್ಕಾರ ಹೇಳುತ್ತಾರೆ. ಆ ಒಂದು ಡಾಲರಿಗಿಂತ ಈ ನಮಸ್ಕಾರ ದೊಡ್ಡದೆಂದು ನಮ್ಮ ಎಣಿಕೆ. 2003ರಲ್ಲಿ ಬೇಸಿಗೆಯ ವಿಶ್ವಕೂಟವು ಮೊದಲ ಬಾರಿಗೆ ಅಮೆರಿಕದ ಹೊರಗೆ, ಐರ್ಲೆಂಡಿನ ಡಬ್ಲಿನ್ನಿನಲ್ಲಿ ನಡೆದಾಗ, ಊರೂರಿನ ಜನ ಒಂದೊಂದು ದೇಶದ ತಂಡವನ್ನು ಬರಮಾಡಿಕೊಂಡು ಉಪಚರಿಸಿದರು. ಸುಮಾರು 30,000 ಮಂದಿ ಸ್ವಯಂಸೇವಕರಾಗಿ ದುಡಿದರು. ನಮ್ಮ ದೇಶದ ಕ್ರೀಡಾಪಟುಗಳೂ ಹಿಂದೆ ಬಿದ್ದವರಲ್ಲ. 2023ರಲ್ಲಿ ಬರ್ಲಿನ್ನಿನಿಂದ 202 ಪದಕಗಳನ್ನು ತಂದರು. ಆ ಸುದ್ದಿ ನಮ್ಮಲ್ಲಿ ಎಷ್ಟು ಮಂದಿಯ ಕಿವಿಗೆ ಬಿದ್ದಿತು?

ಪದಗಳ ಬಗ್ಗೆಯೂ ಒಂದು ಮಾತು. ಡಬ್ಬಿಯ ಮೇಲೆ 'ಬುದ್ಧಿಮಾಂದ್ಯರು' ಎಂದು ಬರೆಯಬೇಡಿ. ನಮ್ಮ ದೇಶದ 2016ರ ಕಾಯಿದೆಯೂ ಬೌದ್ಧಿಕ ಅಂಗವೈಕಲ್ಯವೆಂದೇ ಕರೆದಿದೆ. ಸಾಧ್ಯವಾದರೆ 'ಕ್ರೀಡಾಪಟುಗಳಿಗಾಗಿ' ಎಂದಷ್ಟೇ ಬರೆಯಿರಿ, ಸಾಕು.

ಡಬ್ಬಿಗಳನ್ನು ಇಡೋಣ. ತಿಂಗಳಿಗೊಮ್ಮೆ ಇಬ್ಬರು ಹಿರಿಯರ ಎದುರಿನಲ್ಲಿ ತೆರೆದು, ಲೆಕ್ಕವನ್ನು ದೇವಾಲಯದ ಬಾಗಿಲಿಗೆ ಅಂಟಿಸೋಣ. ಆದರೆ ಶತಮಾನೋತ್ಸವದ ಆಟೋಟಗಳ ದಿನ ಈ ಮಕ್ಕಳ ಓಟವನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಇಡಕೂಡದೆಂದು ಸಮಿತಿಯವರಿಗೆ ಈಗಾಗಲೇ ತಿಳಿಸಿದ್ದೇವೆ. ಅದು ಸಂಜೆ, ಹಗ್ಗಜಗ್ಗಾಟಕ್ಕೆ ಮುಂಚೆ, ಜನ ತುಂಬಿರುವಾಗ ನಡೆಯಲಿ. ಅಂಗಡಿಯವರು ಅಂದು ಒಂದು ಗಂಟೆ ಬಾಗಿಲೆಳೆದು ಮೈದಾನಕ್ಕೆ ಬರಬೇಕೆಂದು ಕೇಳಿಕೊಳ್ಳುತ್ತೇವೆ. ನೆಂಟರು ಬಂದಾಗ ಒಳಕೋಣೆಗೆ ಕಳುಹಿಸಲ್ಪಡುವ ಮಕ್ಕಳು ನಮ್ಮ ಧರ್ಮಕೇಂದ್ರದಲ್ಲಿಯೂ ಇರಬಹುದು. ಅವರ ಹೆಸರುಗಳನ್ನು ಮುಂದಿನ ಭಾನುವಾರ ಎರಡನೆಯ ಬಲಿಪೂಜೆಯಾದ ಮೇಲೆ ಉಪದೇಶಿಗಳ ಬಳಿ ಬರೆಸಿರಿ. ಬರೆಸಲು ಸಂಕೋಚಪಡುವ ಮನೆಗಳಿಗೆ ನಾವೇ ಬರುತ್ತೇವೆ.