ಕೂಸಿನ ಭೇದಿ ಮತ್ತು ನಾವು ಮಾಡಿದ ತಪ್ಪು

(ವಿಜಯವಾಡದಲ್ಲಿ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಸಂಜೆ ಎಳೆಯ ಮಕ್ಕಳ ಭೇದಿಯ ವಿಷಯವಾಗಿ ನಾಲ್ಕು ಮಾತಾಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಸಭೆಯಲ್ಲಿ ಆಡತಕ್ಕ ವಿಷಯವೇ ಇದು ಎಂದು ಯಾರಿಗಾದರೂ ತೋರಿದರೆ ಕ್ಷಮಿಸಬೇಕು. ನಾವು ವೈದ್ಯರಲ್ಲ. ವಿಶಾಖಪಟ್ಟಣದಲ್ಲಿ ಲೆಕ್ಕ ಬರೆದುಕೊಂಡಿದ್ದು ಈ ಊರಿಗೆ ವರ್ಗವಾಗಿ ಬಂದ ಗುಮಾಸ್ತರು. ಆದರೆ ಈ ಒಂದು ವಿಷಯದಲ್ಲಿ ತಪ್ಪು ಮಾಡಿ ಕಲಿತವರು.

ನಾವು ಬಂದದ್ದು 2017ರ ಮೇ ತಿಂಗಳಲ್ಲಿ. ಇಲ್ಲಿಯ ಬೇಸಗೆಯನ್ನು ನಿಮಗೆ ವರ್ಣಿಸಬೇಕಾಗಿಲ್ಲ. ಗುಡ್ಡದ ಮೇಲಣ ಬಾಡಿಗೆ ಮನೆ. ನೀರನ್ನು ಡ್ರಮ್ಮಿನಲ್ಲಿ ತುಂಬಿಡಬೇಕು. ಹತ್ತು ದಿನ ಕಳೆಯುವುದರೊಳಗೆ ನಮ್ಮ ಹನ್ನೊಂದು ತಿಂಗಳ ಮಗನಿಗೆ ಭೇದಿ ಹತ್ತಿತು. ಊರಿನಿಂದ ಹಿರಿಯರು ಫೋನಿನಲ್ಲಿ, 'ಹಲ್ಲು ಬರುವ ಕಾಲ. ಹಾಲು ನೀರು ನಿಲ್ಲಿಸಿ, ಹೊಟ್ಟೆ ಒಣಗಲಿ, ತಾನೇ ಕಟ್ಟುತ್ತದೆ' ಎಂದರು. ನಮಗೂ ಅದು ಸರಿಯೆಂದೇ ತೋರಿತು. ಕುಡಿದದ್ದೆಲ್ಲ ಹೊರಗೆ ಹೋಗುತ್ತಿರುವಾಗ ಇನ್ನೂ ಕುಡಿಸುವುದು ತೂತು ಬಿಂದಿಗೆಗೆ ನೀರು ಹೊಯ್ದಂತಲ್ಲವೇ? ಮಧ್ಯಾಹ್ನ ಮಾತ್ರ, ಮೇಲೆ ಓ.ಆರ್.ಎಸ್. ಎಂದು ಅಚ್ಚಾಗಿದ್ದ ಕಿತ್ತಳೆ ರುಚಿಯ ಪಾನಕದ ಪೊಟ್ಟಣವೊಂದನ್ನು ಅಂಗಡಿಯಿಂದ ತಂದು ಕುಡಿಸಿದೆವು. ಭೇದಿ ಇಮ್ಮಡಿಯಾಯಿತು.

ರಾತ್ರಿಯ ಹೊತ್ತಿಗೆ ಕೂಸು ಅಳುತ್ತಿತ್ತು, ಕಣ್ಣೀರು ಬರುತ್ತಿರಲಿಲ್ಲ. ಮಧ್ಯಾಹ್ನದಿಂದ ಉಚ್ಚೆ ಹೊಯ್ದಿರಲಿಲ್ಲ. ಆಮೇಲೆ ಅಳುವೂ ನಿಂತಿತು. ಸದ್ಯ, ನಿದ್ದೆ ಹತ್ತಿತು ಎಂದು ನಾವು ದೀಪ ಸಣ್ಣದು ಮಾಡಿದೆವು! ಕೆಳಗಿನ ಮನೆಯ ತೆಲುಗು ತಾಯಿಯೊಬ್ಬರು ವಿಚಾರಿಸಲು ಬಂದವರು ಕೂಸಿನ ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಟ್ಟರು. ಮಡಿಕೆ ಹಾಗೆಯೇ ನಿಂತಿತು. 'ಇದು ನಿದ್ದೆಯಲ್ಲ' ಎಂದು 108ಕ್ಕೆ ಫೋನು ಮಾಡಿದವರು ಅವರೇ. ಎರಡು ದಿನ ರಕ್ತನಾಳಕ್ಕೆ ನೀರು ಏರಿಸಿದ ಮೇಲೆ ಮಗು ನಮಗೆ ದಕ್ಕಿತು. ಅವನೇ ಈಗ ಆ ಮೂಲೆಯ ಬೆಂಚಿನಲ್ಲಿ ಚಿತ್ರಪುಸ್ತಕ ನೋಡುತ್ತಿರುವವನು.

ತಪ್ಪಿದ್ದು ಎಲ್ಲಿ? ಭೇದಿಯಲ್ಲಿ ಮಗುವಿನ ಪ್ರಾಣಕ್ಕೆ ಎರವಾಗುವುದು ಬಹುಮಟ್ಟಿಗೆ ದೇಹದ ನೀರೂ ಉಪ್ಪೂ ಬತ್ತುವುದು. ಕರುಳು ಕೆಟ್ಟಿರುವಾಗಲೂ ಅದರಲ್ಲಿ ಒಂದು ಬಾಗಿಲು ತೆರೆದೇ ಇರುತ್ತದೆ. ಗ್ಲೂಕೋಸು ಒಳಗೆ ಹೋಗುವಾಗ ಉಪ್ಪನ್ನು ಜೊತೆಗೆ ಕರೆದೊಯ್ಯುತ್ತದೆ. ಉಪ್ಪಿನ ಬೆನ್ನಿಗೆ ನೀರು ಹೋಗುತ್ತದೆ. ಆದರೆ ಅಳತೆ ತಪ್ಪಬಾರದು. ಸಕ್ಕರೆ ಅತಿಯಾದರೆ ಅದು ದೇಹದ ನೀರನ್ನೇ ಕರುಳಿಗೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ.

1971ರಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಬನ್‌ಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ನಾಳಕ್ಕೆ ಏರಿಸುವ ನೀರು ಸಾಲದಾಯಿತು. ಡಾ. ದಿಲೀಪ್ ಮಹಾಲನೋಬಿಸ್ ಎಂಬವರು ಗ್ಲೂಕೋಸು, ಉಪ್ಪು, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಓದುಬರಹ ಬಾರದ ಬಂಧುಗಳಿಂದ ಆದದ್ದು ಲೆಕ್ಕ ಬಲ್ಲ ನಮ್ಮಿಂದ ಆಗಲಿಲ್ಲವಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

ಮದ್ದಿನಂಗಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯ ಪೊಟ್ಟಣವನ್ನೇ ಕೇಳಬೇಕು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರು ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಸಿಹಿ ಪಾನಕಗಳ ಮೇಲೆ ಓ.ಆರ್.ಎಸ್. ಎಂಬ ಹೆಸರು ಹಾಕಕೂಡದೆಂದು ಆಜ್ಞೆ ಮಾಡಿತು. ನಮಗೆ ಎಂಟು ವರ್ಷ ತಡವಾಯಿತು. ದೊಡ್ಡ ಪೊಟ್ಟಣಕ್ಕೆ 1 ಲೀಟರು ನೀರು, ಕಡಿಮೆಯಲ್ಲ ಹೆಚ್ಚಲ್ಲ. ಚಿಕ್ಕದು 200 ಮಿಲಿಲೀಟರಿನದು, ಮೇಲೆ ಬರೆದಿರುತ್ತದೆ. ಕಲಸಿದ್ದು 24 ಗಂಟೆಯ ಮೇಲೆ ಚೆಲ್ಲತಕ್ಕದ್ದು. ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರು, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ವಾಂತಿಯಾಯಿತೇ? ಹತ್ತು ನಿಮಿಷ ತಡೆದು ಮತ್ತೆ ಚಮಚ ಚಮಚವಾಗಿ. ಎದೆಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು; ಅನ್ನ ತಿನ್ನುವ ಮಗುವಿಗೆ ಅನ್ನವನ್ನೂ ನಿಲ್ಲಿಸಬಾರದು. ವೈದ್ಯರು ಬರೆದುಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತರೂ ಹೇಳಿದಷ್ಟು ದಿನ ಕೊಡಬೇಕು. ನಾವು ನಮ್ಮ ಎರಡನೆಯ ಮಗುವಿಗೆ ಮೂರೇ ದಿನ ಕೊಟ್ಟು ಮರೆತು ಬೈಸಿಕೊಂಡೆವು.

ಎರಡು ತಿಂಗಳೊಳಗಿನ ಕೂಸಾದರೆ ಮನೆಮದ್ದಿಗೆ ಕಾಯದೆ ವೈದ್ಯರಲ್ಲಿಗೆ. ಭೇದಿಯಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಕುಡಿಯಲಾರದ ಬಾಯಿ, ಮಂಪರು — ಇವು ಕಂಡರೆ ಯಾವ ವಯಸ್ಸಾದರೂ ಹಾಗೆಯೇ. ತೆಲುಗು ಬಾರದವರು 'ನೀಳ್ಳ ವಿರೇಚನಾಲು' ಎಂಬ ಎರಡು ಮಾತು ಬಾಯಿಪಾಠ ಮಾಡಿಕೊಳ್ಳಿ. ನಾವು ಆ ರಾತ್ರಿ 'ಹೊಟ್ಟೆ ಕೆಟ್ಟಿದೆ' ಎಂದು ಕನ್ನಡದಲ್ಲೇ ಒದರುತ್ತಿದ್ದೆವು. ಇದನ್ನು ಪತ್ರಿಕೆಯಲ್ಲಿ ಓದುವ ವಿಶಾಖಪಟ್ಟಣದ ಮಿತ್ರರು ಆಟೋದವನಿಗೆ ಕೆ.ಜಿ.ಎಚ್. ಎಂದರೆ ಸಾಕು, ಕಿಂಗ್ ಜಾರ್ಜ್ ಆಸ್ಪತ್ರೆಗೆ ಮುಟ್ಟಿಸುತ್ತಾನೆ.

ರೋಟಾ ವೈರಸ್ಸಿನ ಭೇದಿಗೆ ಬಾಯಿಗೆ ಹಾಕುವ ಲಸಿಕೆಯಿದೆ. ದೇಶದಲ್ಲಿ ಸರ್ಕಾರ ಇದನ್ನು 2016ರಲ್ಲಿ ಮೊದಲು ಆರಂಭಿಸಿದ ನಾಲ್ಕು ರಾಜ್ಯಗಳಲ್ಲಿ ಆಂಧ್ರವೂ ಒಂದು. 6, 10, 14ನೆಯ ವಾರಗಳಲ್ಲಿ ಪುಕ್ಕಟೆ ಹಾಕುತ್ತಾರೆ. ಹೆರಿಗೆಗೆ ತವರಿಗೆ ಹೋಗಿ ಬಂದವರು ಅಲ್ಲಿಯ ಲಸಿಕೆಯ ಚೀಟಿಯನ್ನು ತಪ್ಪದೆ ತನ್ನಿ.

ಇನ್ನು ನೀರು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ಸಿಂಗ್ ನಗರದ ಮನೆಗಳೊಳಗೆ ನೀರು ನಿಂತದ್ದನ್ನು ನಿಮ್ಮಲ್ಲಿ ಕೆಲವರು ಅನುಭವಿಸಿದ್ದೀರಿ. ಅಂಥ ದಿನಗಳಲ್ಲಿ ಕುದಿಸದ ನೀರನ್ನು ಮಕ್ಕಳ ಬಾಯಿಗೆ ಹಾಕಬೇಡಿ. ಉಳಿದ ದಿನಗಳಲ್ಲೂ ಡ್ರಮ್ಮಿಗೆ ಮುಚ್ಚಳ, ಹಿಡಿಯುಳ್ಳ ಸೌಟು, ಕೂಸಿನ ತೊಳೆದ ಕೈಗೆ ಸೋಪು.

ಪೊಟ್ಟಣ ಸಿಗದ ರಾತ್ರಿಗೆ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಚಹಾ ಚಮಚದಿಂದ ಮಟ್ಟಸವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಮತ್ತೆ ಕಲಸಿ. ಮೇಜಿನ ಮೇಲೆ ಹೂಜಿ, ಚಮಚ, ಲೀಟರಿನ ಬಾಟಲಿ ಇಟ್ಟಿದ್ದೇವೆ. ಒಬ್ಬೊಬ್ಬರಾಗಿ ಬಂದು ನಿಮ್ಮ ಕೈಯಿಂದಲೇ ಕಲಸಿ ರುಚಿ ನೋಡಿ. ಗಂಡಸರು ಮೊದಲು ಬನ್ನಿ.