ಮಾಲೀಕನಿಲ್ಲದವನ ಕಾಯಿಲೆಗೆ ಯಾರು ಹೊಣೆ?

(ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಗಿರಣಿಯ ಕೆಲಸಗಾರರೂ ಇದ್ದೀರಿ, ಸಣ್ಣ ಅಂಗಡಿಯವರೂ ಇದ್ದೀರಿ. ಕಾಯಿಲೆ ಇಬ್ಬರಿಗೂ ಒಂದೇ. ಆಸ್ಪತ್ರೆಯ ಬಾಗಿಲಲ್ಲಿ ಮಾತ್ರ ನೀವು ಬೇರೆ ಬೇರೆ. 1948ರ ಕಾನೂನಿನಿಂದ ಬಂದ ಇ.ಎಸ್.ಐ. ಗಿರಣಿಯವನಿಗಿದೆ. ತಿಂಗಳ ಸಂಬಳ 16,000 ರೂಪಾಯಿಯಾದರೆ ಅವನ ಪಾಲು 120, ಮಾಲೀಕನ ಪಾಲು 520. ಅಂಗಡಿಯವನಿಗೆ ಮಾಲೀಕನಿಲ್ಲ, ಎರಡು ಪಾಲೂ ಅವನ ತಲೆಯ ಮೇಲೆಯೆ. ದಾವಣಗೆರೆಯ ಹತ್ತಿ ಗಿರಣಿಗಳು ಮುಚ್ಚಿದಾಗ ಚಹದ ಗಾಡಿ, ತರಕಾರಿ ಗಾಡಿ ತಳ್ಳತೊಡಗಿದವರು ಸಂಬಳದೊಡನೆ ಇ.ಎಸ್.ಐ. ಚೀಟಿಯನ್ನೂ ಕಳೆದುಕೊಂಡರು. ಆದ್ದರಿಂದ ಈ ಮಾತನ್ನು ಇಬ್ಬರೂ ಕೇಳಬೇಕು.

ಮೊದಲು ಹಕ್ಕಿನದನ್ನು ಪಡೆಯಿರಿ, ಆಮೇಲೆ ಹಣ ಕೊಟ್ಟು ಕೊಳ್ಳಿರಿ. ಬಿ.ಪಿ.ಎಲ್. ಪಡಿತರ ಚೀಟಿಯಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಂಟು. ಎ.ಪಿ.ಎಲ್.ನವರಿಗೆ ಸರ್ಕಾರ ಗೊತ್ತುಮಾಡಿದ ದರದ ಶೇಕಡ 30 ಮಾತ್ರ, ಅದೂ ಒಂದೂವರೆ ಲಕ್ಷದವರೆಗೆ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಯೋಜನೆಯನ್ನು ಸಂಘದಲ್ಲಿ ವಿಚಾರಿಸಿರಿ. 2018ರಲ್ಲಿ ನಿಂತಿದ್ದ ಅದು 2022ರಲ್ಲಿ ಮತ್ತೆ ಬಂದಿದೆ.

ಇವು ಸಾಲದವರು ಕಂಪನಿಯ ವಿಮೆಗೆ ಹೋಗಬೇಕಾಗುತ್ತದೆ. ಕಚೇರಿಗೆ ಬಂದವರ ಕಾಗದಗಳನ್ನು ನೋಡಿ ನಾವು ಕಲಿತದ್ದನ್ನು ಹೇಳುತ್ತೇವೆ.

ಒಂದು, ಮೈ ಗಟ್ಟಿಯಿರುವಾಗಲೆ ಮಾಡಿಸಿರಿ. ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಹಣ ಕೊಡದಿರಲು ಕಂಪನಿಗೆ ಅವಕಾಶವಿದೆ. ಕಂತು ನಿಂತು ವಿಮೆ ಬಿದ್ದುಹೋದರೆ ಆ ಲೆಕ್ಕ ಮತ್ತೆ ಮೊದಲಿನಿಂದ.

ಎರಡು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಮುಚ್ಚಿಡಬೇಡಿ. ಏಜೆಂಟ್ ಬೇಡವೆಂದರೂ ಅರ್ಜಿಯಲ್ಲಿ ಬರೆಯಿಸಿರಿ. ಅವನ ಕಮಿಷನ್ ಅವನಿಗೆ ಸೇರುತ್ತದೆ. ನೀವು ಹಣ ಕೇಳಿದ ದಿನ ಕಂಪನಿ ಹಳೆಯ ಔಷಧದ ಚೀಟಿ ಹುಡುಕುತ್ತದೆ. ಐದು ವರ್ಷ ಬಿಡದೆ ಕಂತು ಕಟ್ಟಿದ ಮೇಲೆ ಮಾತ್ರ, ಮೋಸವನ್ನು ರುಜುವಾತು ಮಾಡದೆ, ಇಂಥ ಕಾರಣ ಒಡ್ಡಲಾಗದು.

ಮೂರು, ಕೋಣೆಯ ಬಾಡಿಗೆಗೆ ಮಿತಿಯಿದೆಯೆ ನೋಡಿರಿ. ದಿನಕ್ಕೆ 3,000 ಮಿತಿಯಿದ್ದು 6,000ದ ಕೋಣೆ ಹಿಡಿದರೆ, ಅನೇಕ ಕರಾರುಗಳಲ್ಲಿ ವೈದ್ಯರ, ಶಸ್ತ್ರಚಿಕಿತ್ಸೆಯ ಬಿಲ್ಲಿಗೂ ಅರ್ಧವೇ ಸಿಗುತ್ತದೆ.

ನಾಲ್ಕು, ಸ್ವಂತಕ್ಕೆ ಕೊಳ್ಳುವ ಆರೋಗ್ಯ ವಿಮೆಯ ಮೇಲಿದ್ದ ಶೇಕಡ 18 ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಹೋಗಿದೆ. ರಸೀದಿಯಲ್ಲಿ ಅದನ್ನು ಸೇರಿಸಿದ್ದರೆ ಪ್ರಶ್ನಿಸಿರಿ.

ಐದು, ಹಣ ನಿರಾಕರಿಸಿದರೆ ಸುಮ್ಮನಾಗಬೇಡಿ. ಮೊದಲು ಕಂಪನಿಗೆ ಬರೆದು ದೂರು ಕೊಡಿ. ತಿಂಗಳಾದರೂ ನ್ಯಾಯ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ನರಿಗೆ ಬರೆಯಿರಿ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಇಷ್ಟೆಲ್ಲ ಮಾಡಿದರೂ ಒಬ್ಬೊಬ್ಬನೂ ತನ್ನ ತನ್ನ ಕೊಡೆ ಹಿಡಿದಂತಾಯಿತೇ ಹೊರತು ಸೂರು ಆಗಲಿಲ್ಲ. ಹಣವಿಲ್ಲವೆಂದು ಯಾರಿಗೂ ಚಿಕಿತ್ಸೆ ತಪ್ಪಕೂಡದೆಂದು ಭೋರ್ ಸಮಿತಿ 1946ರಲ್ಲಿಯೆ ಹೇಳಿತ್ತು. ಅಸಂಘಟಿತ ಕಾರ್ಮಿಕರಿಗೂ ಇ.ಎಸ್.ಐ. ಸೌಲಭ್ಯದ ಯೋಜನೆ ಮಾಡುವ ಅಧಿಕಾರವನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಆ ಅಧಿಕಾರವನ್ನು ಬಳಸಿ, ಸ್ವಂತ ದುಡಿಮೆಯ ಬಡವನ ಪಾಲಿಗೆ ಮಾಲೀಕನ ಜಾಗದಲ್ಲಿ ಸರ್ಕಾರವೇ ನಿಲ್ಲಲಿ ಎಂದು ನಾವು ಕೇಳಬೇಕು. ಗಿರಣಿಯ ಬಾಂಧವರು ಈ ಬೇಡಿಕೆಯಲ್ಲಿ ಮುಂದೆ ನಿಲ್ಲಬೇಕು. ನಾಳೆ ಗಿರಣಿಯ ಬಾಗಿಲು ಮುಚ್ಚಿದರೆ ಗಾಡಿ ತಳ್ಳುವವರು ನಾವೇ.