ಬೇಸಿಗೆಯ ಮದುವೆ: ಎಷ್ಟು ಹೊತ್ತಿಗೆ, ಎಷ್ಟು ಎಲೆ?



ಯುಗಾದಿ ಕಳೆದು ಚೈತ್ರ, ವೈಶಾಖ ಬಂದವೆಂದರೆ ನಮ್ಮಲ್ಲಿ ಮದುವೆಗಳ ಸಾಲು. ಸುಗ್ಗಿ ಮುಗಿದಿರುವುದರಿಂದ ರೈತರ ಕೈಯಲ್ಲಿ ಒಂದಿಷ್ಟು ದುಡ್ಡೂ ಬಿಡುವೂ ಇರುತ್ತವೆ. ಜೂನ್ ಬಿತ್ತನೆಗೆ ಇನ್ನೂ ದಿನಗಳಿವೆ. ಶಾಲೆಗಳಿಗೆ ರಜೆ. ಮುಂದೆ ಆಷಾಢ ಕಾಲಿಟ್ಟರೆ ಒಂದು ತಿಂಗಳು ಮುಹೂರ್ತವಿಲ್ಲ. ಅಧಿಕ ಮಾಸ ಬಿದ್ದ ವರ್ಷವಂತೂ ಇನ್ನೂ ಇಕ್ಕಟ್ಟು. ಹಾಗಾಗಿ ಛತ್ರ, ಅಡುಗೆಯವರು, ಓಲಗದವರು, ಬಸ್ಸು, ಹೂವು ಎಲ್ಲಕ್ಕೂ ಅವೇ ನಾಲ್ಕಾರು ದಿನಗಳಲ್ಲಿ ಬೇಡಿಕೆ. ಅದರ ಮೇಲೆ ಬಿಸಿಲು. ಮದುವೆ ಮನೆಯವರಿಗೆ ನಿದ್ದೆ ಬಾರದಿರುವುದು ಸಹಜವೇ.

ಆದರೆ ಎರಡು ತೀರ್ಮಾನಗಳನ್ನು ಮೊದಲೇ ಗಟ್ಟಿಯಾಗಿ ಮಾಡಿಕೊಂಡರೆ ಈ ಆತಂಕದ ಬಹುಪಾಲು ಇಳಿಯುತ್ತದೆ. ಧಾರೆ ಎಷ್ಟು ಹೊತ್ತಿಗೆ? ಊಟಕ್ಕೆ ಎಷ್ಟು ಎಲೆ? ಉಳಿದದ್ದೆಲ್ಲ ಇವೆರಡನ್ನೇ ಹಿಂಬಾಲಿಸುತ್ತದೆ.

ಮೊದಲು ಹೊತ್ತಿನ ಮಾತು. ಅಭಿಜಿನ್ ಲಗ್ನವನ್ನು ಬಹಳ ಮಂದಿ ಇಷ್ಟಪಡುತ್ತಾರೆ. ಅದು ಬರುವುದು ನಡುಮಧ್ಯಾಹ್ನ. ಕಲಬುರಗಿ, ರಾಯಚೂರು ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸದೇನಲ್ಲ. ಅಂಥ ಹೊತ್ತಿನಲ್ಲಿ ರೇಷ್ಮೆ ಉಟ್ಟು, ಹೋಮದ ಮುಂದೆ, ಬರಿಹೊಟ್ಟೆಯಲ್ಲಿ ಕೂರುವ ವಧೂವರರ ಪಾಡನ್ನು ಯೋಚಿಸಿ. ಮುಹೂರ್ತ ಇಡಿಸುವಾಗಲೇ ಪುರೋಹಿತರನ್ನು ಬೆಳಗಿನ ಲಗ್ನ ಕೇಳಿ. ಮೇ ತಿಂಗಳಲ್ಲಿ ವೃಷಭ, ಮಿಥುನ ಲಗ್ನಗಳು ಬೆಳಗಿನ ಹೊತ್ತಿಗೇ ಬರುತ್ತವೆ. ಬಿಸಿಲೇರುವ ಮುಂಚೆ ಧಾರೆ ಮುಗಿದರೆ ಹಿರಿಯರಿಗೂ ಬಸುರಿಯರಿಗೂ ಮಕ್ಕಳಿಗೂ ಅನುಕೂಲ. ವಧೂವರರಿಗೆ ನಡುನಡುವೆ ಎಳನೀರು, ಮಜ್ಜಿಗೆ ಕೊಡುವ ಹೊಣೆಯನ್ನು ಒಬ್ಬರಿಗೆ ಒಪ್ಪಿಸಿಬಿಡಿ.

ಬೆಳಗಿನ ಮುಹೂರ್ತಕ್ಕೆ ಇನ್ನೊಂದು ಲಾಭವೂ ಉಂಟು. ಬೇಸಿಗೆಯ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಸಂಜೆಯ ಹೊತ್ತಿಗೆ ಬರುತ್ತದೆ. ದಿನವಿಡೀ ಕಾದ ನೆಲದ ಗಾಳಿ ಮೇಲೇರಿ ಮೋಡ ಕಟ್ಟುವುದೇ ಇದಕ್ಕೆ ಕಾರಣ. ಬೀಸುವ ಗಾಳಿಗೆ ಬಯಲಿನ ಶಾಮಿಯಾನ ಕಿತ್ತುಹೋಗಬಹುದು. ಸಿಡಿಲಿನ ಭಯ ಬೇರೆ. ಭರಣಿ, ಕೃತ್ತಿಕಾ ಮಳೆಗಳ ದಿನಗಳಲ್ಲಿ ಆರತಕ್ಷತೆಯನ್ನು ಬಯಲಲ್ಲಿ ಇಟ್ಟುಕೊಳ್ಳುವುದಾದರೆ, ಪಕ್ಕದಲ್ಲೇ ಸೂರಿರುವ ಜಾಗವೊಂದನ್ನು ಗೊತ್ತು ಮಾಡಿಕೊಂಡಿರಬೇಕು. ಮನೆ ಮುಂದಿನ ಚಪ್ಪರಕ್ಕೆ ತಗಡಿಗಿಂತ ತೆಂಗಿನ ಗರಿ ಮೇಲು. ತಗಡು ಕಾದು ಕೆಳಗೆ ಕೂತವರ ಮೇಲೆ ಸೆಖೆ ಸುರಿಸುತ್ತದೆ. ಗರಿ ನೆರಳನ್ನೂ ಕೊಡುತ್ತದೆ, ಗಾಳಿಯನ್ನೂ ಬಿಡುತ್ತದೆ.

ಇನ್ನು ಎಲೆಯ ಲೆಕ್ಕ. ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ಎರಡೂ ಕಡೆಯವರು ಕೂತು ಪಟ್ಟಿ ಬರೆಯಬೇಕು. ಛತ್ರದ ಗಾತ್ರ, ಅಡುಗೆಯ ಸಾಮಾನು, ಬಡಿಸುವವರ ಸಂಖ್ಯೆ, ಕೊನೆಗೆ ಸಾಲದ ಮೊತ್ತ, ಎಲ್ಲವನ್ನೂ ನಿರ್ಧರಿಸುವುದು ಆ ಪಟ್ಟಿಯೇ. ಕುಡಿಯುವ ನೀರನ್ನೇ ತೆಗೆದುಕೊಳ್ಳಿ. ತಲೆಗೆ ಎರಡು ಲೀಟರ್ ಎಂದರೂ 500 ಜನಕ್ಕೆ 1,000 ಲೀಟರ್ ಬೇಕು. ಅಂದರೆ 20 ಲೀಟರಿನ 50 ಕ್ಯಾನು. ಇದನ್ನು ಮದುವೆಯ ಬೆಳಿಗ್ಗೆ ಹುಡುಕಲು ಹೊರಟರೆ ಸಿಗುವುದಿಲ್ಲ. ಬಂದವರಿಗೆ ಬಾಗಿಲಲ್ಲೇ ಪಾನಕವನ್ನೋ ನೀರುಮಜ್ಜಿಗೆಯನ್ನೋ ಕೊಟ್ಟರೆ ಬಣ್ಣದ ಬಾಟಲಿ ಪಾನೀಯಗಳ ಖರ್ಚು ಉಳಿಯುತ್ತದೆ, ದಣಿವೂ ಆರುತ್ತದೆ.

ಊಟದ ಪಟ್ಟಿಯನ್ನೂ ಬಿಸಿಲಿಗೆ ತಕ್ಕಂತೆ ಆರಿಸಬೇಕು. ಖೋವಾ ಸಿಹಿಗಳು, ಹಾಲಿನ ಪಾಯಸ, ಹಸಿ ಕಾಯಿಯ ಚಟ್ನಿ ಸೆಖೆಗೆ ಬೇಗ ಕೆಡುತ್ತವೆ. ಬೂಂದಿ ಲಾಡು, ಚಿರೋಟಿ, ಮೈಸೂರು ಪಾಕ್ ಅಷ್ಟು ಬೇಗ ಕೆಡುವುದಿಲ್ಲ. ಉತ್ತರ ಕರ್ನಾಟಕದ ಮಾದಲಿ, ಶೇಂಗಾ ಹೋಳಿಗೆಗಳಂತೂ ಬೇಸಿಗೆಯ ಮದುವೆಗೆಂದೇ ಹೇಳಿ ಮಾಡಿಸಿದಂತಿವೆ. ಬೇಗ ಕೆಡುವ ಅಡುಗೆಯನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಸೆಖೆ 32 ಡಿಗ್ರಿ ಮೀರಿದರೆ ಒಂದೇ ಗಂಟೆ ಎಂದು ಆಹಾರ ಸುರಕ್ಷತೆ ಬಲ್ಲವರು ಹೇಳುತ್ತಾರೆ. ಅನ್ನ, ಪಲಾವುಗಳನ್ನು ಒಮ್ಮೆಗೇ ಬೇಯಿಸಿ ರಾಶಿ ಹಾಕದೆ, ಪಂಕ್ತಿಗೆ ತಕ್ಕಂತೆ ಎರಡು ಮೂರು ಸಲ ಮಾಡಲು ಅಡುಗೆಯವರಿಗೆ ಮೊದಲೇ ಹೇಳಿ. ಕೋಸಂಬರಿಗೆ ಉಪ್ಪು, ನಿಂಬೆರಸ ಬಡಿಸುವ ಮುಂಚೆ ಬೀಳಲಿ.

ಇಷ್ಟಾದರೂ ಯಾರಿಗಾದರೂ ತಲೆ ಸುತ್ತಿದರೆ ನೆರಳಿಗೆ ಕರೆದೊಯ್ದು ಒದ್ದೆ ಬಟ್ಟೆಯಿಂದ ಮೈ ಒರೆಸಿ, ಗಾಳಿ ಹಾಕಿ. ಎಚ್ಚರವಿದ್ದರೆ ನೀರು ಕುಡಿಸಿ. ಮೈ ಸುಡುತ್ತಿದ್ದು ಮಾತು ತೊದಲಿದರೆ ಅಥವಾ ಪ್ರಜ್ಞೆ ತಪ್ಪಿದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಕೆಲಸ ಹಂಚುವುದನ್ನು ಮಾತ್ರ ಮರೆಯಬೇಡಿ. ಮದುವೆಯ ದಿನ ತಂದೆತಾಯಿ ಧಾರೆ ಎರೆಯಲು ಕೂತಿರುತ್ತಾರೆ. ಸೋದರಮಾವ ಹೆಣ್ಣನ್ನು ಮಂಟಪಕ್ಕೆ ಕರೆತರಬೇಕು. ಇವರ ಸೊಂಟದಲ್ಲಿ ಉಗ್ರಾಣದ ಕೀಲಿಯೂ, ಕೈಯಲ್ಲಿ ಫೋನೂ ಇದ್ದರೆ ಎರಡು ಕೆಲಸವೂ ಕೆಡುತ್ತವೆ. ಉಗ್ರಾಣ, ನೀರು, ಬೀಗರ ಉಪಚಾರ, ವಾಹನ, ಹಣ ಪಾವತಿ, ಈ ಐದಕ್ಕೂ ಶಾಸ್ತ್ರದಲ್ಲಿ ಪಾತ್ರವಿಲ್ಲದ ಐದು ಜನರನ್ನು ನೇಮಿಸಿ, ಅವರ ತೀರ್ಮಾನವನ್ನು ನಂಬಿ. ಮದುವೆ ನೋಂದಣಿಗೆ ಬೇಕಾದ ವಯಸ್ಸು, ವಿಳಾಸಗಳ ದಾಖಲೆಗಳನ್ನೂ ಈಗಲೇ ಒಂದೆಡೆ ಸೇರಿಸಿಡಿ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು 30 ದಿನ ಮುಂಚೆ ನೋಟಿಸ್ ಕೊಡಬೇಕೆಂಬುದು ನೆನಪಿರಲಿ.

ಸಣ್ಣದಾಗಿ ಮದುವೆ ಮಾಡಿದರೆ ಜನ ಏನೆಂದಾರು ಎಂಬ ಅಳುಕು ಹಲವರಿಗೆ. ಆದರೆ ಕುವೆಂಪು ಅವರು ಮಂತ್ರಮಾಂಗಲ್ಯ ಎಂಬ ಸರಳ ವಿವಾಹ ಪದ್ಧತಿಯನ್ನು ರೂಪಿಸಿ, 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನೇ ಹಾಗೆ ಸರಳವಾಗಿ ನಡೆಸಿದರು. ಧರ್ಮಸ್ಥಳದಲ್ಲಿ 1972ರಲ್ಲಿ ಶುರುವಾದ ಸಾಮೂಹಿಕ ವಿವಾಹದಲ್ಲಿ ಇಂದಿಗೂ ಜೋಡಿಗಳು ಸಾಲದ ಭಾರವಿಲ್ಲದೆ ಸಂಸಾರಕ್ಕೆ ಕಾಲಿಡುತ್ತಿವೆ. ಸರಳವಾದ ಮದುವೆಯಿಂದ ಯಾರ ಮರ್ಯಾದೆಯೂ ಕುಗ್ಗಿಲ್ಲ. ಸಾಲ ಮಾಡಿ ಬಡಿಸಿದ ಮೂವತ್ತು ಬಗೆಯ ಊಟ ಮಾತ್ರ ಎಷ್ಟೋ ಮನೆಗಳ ನೆಮ್ಮದಿಯನ್ನು ವರ್ಷಗಟ್ಟಲೆ ಕಸಿದಿದೆ.

ಈ ಬೇಸಿಗೆಯಲ್ಲಿ ಮದುವೆ ಇಟ್ಟುಕೊಂಡಿರುವವರಲ್ಲಿ ನನ್ನ ವಿನಂತಿ ಇಷ್ಟೇ: ಇವತ್ತೇ ಎರಡೂ ಮನೆಯ ಹಿರಿಯರು ಕೂಡಿ ಕೂತು ಹೊತ್ತನ್ನೂ ಎಲೆಯ ಲೆಕ್ಕವನ್ನೂ ತೀರ್ಮಾನಿಸಿ. ಮದುವೆಯಾಗುವ ಹುಡುಗ, ಹುಡುಗಿಯನ್ನೂ ಆ ಮಾತಿಗೆ ಕೂರಿಸಿಕೊಳ್ಳಿ. ನಿಮ್ಮ ಮನೆಯ ಮಂಗಳಕಾರ್ಯ ಸುಸೂತ್ರವಾಗಿ ನೆರವೇರಲಿ.